ಬೇಸಿಗೆಯ ಚರ್ಮ

ಸೆಲ್‌ವಿಕ್, ಬ್ರೇಡಾಫ್ಯೋರ್ಡುರ್ ಕೊಲ್ಲಿ
೧೯ ಜೂನ್ ೧೯೮೯, ಸೋಮವಾರ

ಪ್ರೀತಿಯ ಹಾಫ್ಲಿಡಿ,

ಹೇಗಿದ್ದೀಯ? ಹಲ್ಲುನೋವು ಇಳಿಯಿತೇ? ಹೊರಟ ದಿನವೂ ಕೆನ್ನೆ ಊದಿಸಿಕೊಂಡೇ ಹಡಗು ಹತ್ತಿದವನು ನೀನು. ಡೆನ್ಮಾರ್ಕಿನಲ್ಲಿ ಹಲ್ಲಿನ ವೈದ್ಯರಿಗೇನು ಬರವಿಲ್ಲ, ಆದರೆ ನೀನು ಇನ್ನೂ ಲವಂಗ ಕಚ್ಚಿಕೊಂಡೇ ಓಡಾಡುತ್ತಿರುತ್ತೀಯ, ನನಗೆ ಗೊತ್ತು. ದಯವಿಟ್ಟು ಕೀಳಿಸಿಕೋ. ಸೊಂಟಕ್ಕೆ ಕಟ್ಟುವ ಉಣ್ಣೆಯ ಪಟ್ಟಿಯನ್ನು ಬಾಗಿಲ ಹಿಂದೆಯೇ ಮರೆತು ಹೋಗಿದ್ದೀಯ. ಅದನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಅಲ್ಲಿ ಊಟ ಹಿಡಿಸುತ್ತಿದೆಯೇ? ಒಣಮೀನು ಇಲ್ಲದೆ ನಿನಗೆ ಬೆಳಗಾಗುವುದಿಲ್ಲ, ಆದ್ದರಿಂದ ಒಂದು ಕಟ್ಟು ಅದನ್ನೂ ಇಟ್ಟಿದ್ದೇನೆ. ವಸತಿಗೃಹದ ಯಜಮಾನಿ ವಾಸನೆಗೆ ಬೈದರೆ ಕಿಟಕಿ ತೆರೆದು ಕೂತು ತಿನ್ನು. ನಾನು ಚೆನ್ನಾಗಿದ್ದೇನೆ. ಕೈಗೆ ಒಂದೆರಡು ಕಡೆ ಕಚ್ಚಿಸಿಕೊಂಡಿದ್ದೇನೆ, ಮಾಯುತ್ತಿದೆ. ಅತ್ತೆಗೆ ಸ್ವಲ್ಪ ಕೆಮ್ಮು. ಉತ್ತರದ ಗಾಳಿ ಈಗ ನಿಂತಿದೆ, ಬಿಸಿಲು ಬಂದಿದೆ.

ಈ ಪತ್ರವನ್ನು ನೆರೆಮನೆಯ ಬೆರ್ಗುರ್‌ನ ಸೊಸೆ ಯೋರುನ್ ನಿನ್ನ ಕೈಗೇ ಕೊಡುತ್ತಾಳೆ. ಅವಳು ಬುಧವಾರದ ವಿಮಾನಕ್ಕೆ ಅಕ್ಕನ ಮನೆಗೆ ಹೊರಟಿದ್ದಾಳೆ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ಮಾಡಿದೆ. ನೀನು ತುಪ್ಪಟಕ್ಕಾಗಿ ಮಿಂಕ್ ಸಾಕುವ ಫಾರಂಗಳನ್ನು ನೋಡಲು ಹಳ್ಳಿಗಳ ಕಡೆ ಹೋಗಿದ್ದೀಯ, ಶುಕ್ರವಾರದ ತನಕ ಬರುವುದಿಲ್ಲ ಎಂದಳು ಯಜಮಾನಿ. ನೀನು ಸಿಕ್ಕಿದ್ದರೂ ಏನು ಪ್ರಯೋಜನವಾಗುತ್ತಿತ್ತು? ಕಳೆದ ಸಲ ಸಿಕ್ಕಾಗ ನೀನು ಹೇಳಿದ್ದು ನೆನಪಿದೆಯೇ? "ಸ್ಟೇನುನ್, ಇಲ್ಲಿ ಫಾರಂ ಮೇಲೆ ಫಾರಂ ಮುಚ್ತಾ ಇದಾರೆ ಕಣೇ! ನೀಲಿ ಛಾಯೆಯ ಮಿಂಕ್, ಹುಚ್ಚು ಅಗ್ಗಕ್ಕೆ ಕೊಡ್ತಾ ಇದಾರೆ! ಹಳೇ ಕಂದು ಬಣ್ಣದವನ್ನ ನವೆಂಬರಲ್ಲಿ ಚರ್ಮ ಸುಲಿಯೋ ತನಕ ತಳ್ಳು ಸಾಕು!" ನಾನು "ಹಾಫ್ಲಿಡಿ, ಒಂದು ನಿಮಿಷ ಕೇಳು" ಎಂದೆ. ನೀನು "ಧೈರ್ಯವಾಗಿರು" ಎಂದು ಇಟ್ಟುಬಿಟ್ಟೆ. ಫೋನಿನಲ್ಲಿ ನಿನ್ನ ಮಾತಿಗೆ ಕೊನೆಯಿಲ್ಲ, ನನ್ನ ಮಾತಿಗೆ ಮೊದಲೇ ಇಲ್ಲ. ಕಾಗದವಾದರೆ ನೀನು ಅಡ್ಡ ಬಾಯಿ ಹಾಕಲಾರೆ. ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು, ಕೊನೆಯ ತನಕ ಓದು.

ನಮ್ಮ ಫಾರಂಗಳಿಗೆಲ್ಲ ಮೇವು ಬೇಯಿಸಿ ಕಳಿಸುತ್ತಿದ್ದ ಅಡುಗೆಮನೆ ಮುಚ್ಚಿದ್ದು ನಿನಗೆ ಗೊತ್ತು. ಮುಚ್ಚಿದ ಮೇಲೆ ಏನಾಯಿತು ಎಂಬುದು ಗೊತ್ತಿಲ್ಲ. ಲಾರಿಯವನು ಕೊನೆಯ ಸಲ ಬಂದಾಗ ಇಂಜಿನ್ನು ಕೂಡ ಆರಿಸಲಿಲ್ಲ. "ಇನ್ನು ಬರಲ್ಲ ಕಣಕ್ಕ. ಒಲೆ ಆರಿತು, ಬೀಗ ಬಿತ್ತು. ಈ ಹೆಪ್ಪುಗಟ್ಟಿದ ಮೇವು ಒಂದಿಷ್ಟಿದೆ, ಬೇಕಾದ್ರೆ ಇಳಿಸ್ಕೋ" ಎಂದ. ಇಳಿಸಿಕೊಂಡೆ. ಅದು ವಾರವೂ ಬರಲಿಲ್ಲ. ಹೆಣ್ಣು ಮಿಂಕ್‌ಗಳೆಲ್ಲ ಆಗಷ್ಟೇ ಮರಿ ಹಾಕಿದ್ದವು. ಬೆರಳುದ್ದದ, ಕಣ್ಣು ಬಿಡದ ಮರಿಗಳು ಒಂದೊಂದು ಗೂಡಿನಲ್ಲೂ ಐದು, ಆರು. ಹಾಲೂಡುವ ತಾಯಿಗೆ ಎರಡರಷ್ಟು ಹಸಿವು. ನಾನು ಬೆಳಿಗ್ಗೆ ಬಂದರಿಗೆ ಹೋಗಿ ಮೀನಿನ ತಲೆ, ಕರುಳು ಬೇಡಿ ತರುತ್ತಿದ್ದೆ. ಬಂದರಿನವರು ಮೊದಲೆರಡು ದಿನ ಕೊಟ್ಟರು. ಆಮೇಲೆ ನನ್ನ ಗಾಡಿ ಕಂಡರೆ ಬೆನ್ನು ತಿರುಗಿಸಿದರು. ಅವರದೂ ತಪ್ಪಲ್ಲ. ಸುತ್ತಮುತ್ತಲ ಮಿಂಕ್ ಸಾಕಿದ ಮನೆಯವರೆಲ್ಲ ಅದೇ ಬಂದರಿಗೆ ಹೋಗುತ್ತಿದ್ದರು.

ಹಸಿದ ಮಿಂಕ್ ಕೂಗುವುದನ್ನು ನೀನು ಕೇಳಿಲ್ಲ. ನೀನಿದ್ದಾಗ ಅವು ಎಂದೂ ಹಸಿದಿರಲಿಲ್ಲ, ಆ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ನೀನು ಒಳ್ಳೆಯ ಸಾಕುಗಾರ. ಆದರೆ ಕೊಟ್ಟಿಗೆಯ ಬಾಗಿಲು ತೆರೆದಾಗ ನೂರಾರು ಗಂಟಲುಗಳು ಒಟ್ಟಿಗೆ ಕಿರುಚುತ್ತಿದ್ದವು. ತಂತಿ ಕಚ್ಚಿ ಕಚ್ಚಿ ಅವುಗಳ ಬಾಯಿಯಲ್ಲಿ ರಕ್ತ. ನಾಲ್ಕನೆಯ ಸಾಲಿನ ಒಂದು ತಾಯಿ ತನ್ನ ಮರಿಯನ್ನೇ ತಿನ್ನುವುದನ್ನು ಕಂಡೆ. ಅದು ಅವಸರದಿಂದ ತಿನ್ನುತ್ತಿರಲಿಲ್ಲ, ಹಾಫ್ಲಿಡಿ. ನೆಕ್ಕುತ್ತಾ, ನೆಕ್ಕುತ್ತಾ ತಿನ್ನುತ್ತಿತ್ತು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಆವತ್ತೇ ನಿನ್ನ ತಾಯಿ ಕೊಟ್ಟಿಗೆಗೆ ಬಂದರು. ಹೌದು, ಥೋರ್ಕಟ್ಲಾ ಅಮ್ಮನೇ. ನಾವು ಕುರಿಗಳನ್ನು ಮಾರಿ ಬೋನುಗಳನ್ನು ತಂದ ದಿನದಿಂದ ಆ ಬಾಗಿಲ ಕಡೆ ಕಣ್ಣೆತ್ತಿಯೂ ನೋಡದ ಅತ್ತೆ, ಕೈಗಾಡಿಯ ತುಂಬ ಸಮುದ್ರಮೊಲ ಮೀನು ಹೇರಿಕೊಂಡು ಬಂದಿದ್ದರು. ಮೊಟ್ಟೆ ತೆಗೆದ ಮೇಲೆ ದೋಣಿಯವರು ಅದರ ಒಡಲನ್ನು ನೀರಿಗೇ ಎಸೆಯುತ್ತಾರಲ್ಲ, ಅದನ್ನು ದಡದಲ್ಲಿ ನಿಂತು ಕೊಕ್ಕೆಯಿಂದ ಎಳೆದು ತುಂಬಿಕೊಂಡಿದ್ದರು. ನಾನು ಬಾಯಿ ಬಿಟ್ಟುಕೊಂಡು ನಿಂತೆ. "ಏನು ನೋಡ್ತೀಯೇ? ಚಾಕು ತಗೋ, ಹೆಚ್ಚು" ಎಂದರು. ಹೆಚ್ಚುತ್ತಾ ಹೆಚ್ಚುತ್ತಾ ನಾನು ಕೇಳಿಯೇಬಿಟ್ಟೆ, ನಿಮಗೆ ಮಿಂಕ್ ಅಂದರೆ ಆಗುವುದಿಲ್ಲವಲ್ಲ ಎಂದು. ಅವರು ತಲೆ ಎತ್ತಲಿಲ್ಲ. "ಹೊರಗೆ ತಿರುಗೋ ಮಿಂಕ್ ನನ್ನ ಶತ್ರು. ಕಂಡ್ರೆ ಗುಂಡು ಹೊಡೀತೀನಿ. ಬೋನಲ್ಲಿರೋದು ನಮ್ಮ ಹಂಗಿನಲ್ಲಿರೋದು. ಅದಕ್ಕೆ ಬಾಗಿಲು ಹಾಕಿದೋರು ನಾವು, ಅನ್ನ ಹಾಕಬೇಕಾದೋರೂ ನಾವೇ. ಆಗಲ್ಲ ಅಂದ್ರೆ ಬೇಗ ಕೊಲ್ಲಬೇಕು. ಈ ಮಧ್ಯದಲ್ಲಿ ಇಟ್ಕೊಂಡಿರೋದಿದೆಯಲ್ಲ, ಇದು ಮನುಷ್ಯರು ಮಾಡೋ ಕೆಲಸ ಅಲ್ಲ."

ಅತ್ತೆಗೆ ಆ ಪ್ರಾಣಿಯ ಮೇಲೆ ಯಾಕೆ ಅಷ್ಟು ಹಗೆ ಎಂಬುದನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ನಿನ್ನ ಬಾಲ್ಯದ ಕಥೆಯೇ ಅದು. ಬೆಕ್ಕಿಗಿಂತ ಚಿಕ್ಕದು, ಉದ್ದ ಮೈ, ಗಿಡ್ಡ ಕಾಲು; ಇಂಥದೊಂದು ಈ ನಾಡಿನಲ್ಲಿ ಇರಲೇ ಇಲ್ಲ. ಯಾರೋ ಚರ್ಮಕ್ಕೆಂದು ಸಮುದ್ರದಾಚೆಯಿಂದ ತಂದರು, ಬೋನು ತಪ್ಪಿಸಿಕೊಂಡವು, ಹೊಳೆ ಹಿಡಿದು ಇಡೀ ನಾಡು ಹಬ್ಬಿದವು. ನಮ್ಮ ದೂನೇ ನಡುಗಡ್ಡೆಗೆ ಅವು ಮೊದಲ ಸಲ ಈಜಿ ಬಂದು ಬಾತುಗಳನ್ನು ಕೊಂದ ವರ್ಷ ನಿನ್ನಜ್ಜ ಅತ್ತಿದ್ದನ್ನು ಅತ್ತೆ ಈಗಲೂ ಹೇಳುತ್ತಾರೆ. ಆದರೂ ಸರಕಾರದವರು ಬಂದು ಕುರಿ ಕಡಿಮೆ ಮಾಡಿ, ಮಿಂಕ್ ಸಾಕಿ ಎಂದಾಗ ಅತ್ತೆ ನಿನ್ನನ್ನು ತಡೆಯಲಿಲ್ಲ. "ಹೊಟ್ಟೆಪಾಡು ಅವರವರದು" ಎಂದು ಒಂದೇ ಮಾತು ಹೇಳಿ ಗೂಡಿನಲ್ಲಿ ತುಪ್ಪುಳು ಬಿಟ್ಟು ಹೋಗುವ ತಮ್ಮ ಈಡರ್ ಬಾತುಗಳ ಕಡೆಗೆ ದೋಣಿಗೆ ಹುಟ್ಟು ಹಾಕಿಕೊಂಡು ಹೋದರು.

ಈಗ ಗಾಳಿಯ ವಿಷಯ. ಇದು ನಿನಗೆ ಗೊತ್ತಿಲ್ಲ. ಮೇ ತಿಂಗಳ ಕೊನೆಯಲ್ಲಿ ಎಂಥ ಉತ್ತರದ ಗಾಳಿ ಎದ್ದಿತೆಂದರೆ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತರೆ ಬೆನ್ನು ಅದುರುತ್ತಿತ್ತು. ಕೊಟ್ಟಿಗೆಯ ಸಮುದ್ರದ ಬದಿಯ ತಗಡಿನ ಗೋಡೆ ಸುಲಿದುಕೊಂಡು ಹೋಯಿತು. ಒಂದು ಇಡೀ ಸಾಲು ಬೋನುಗಳು ಮಗುಚಿ ಬಿದ್ದು ಬಾಗಿಲುಗಳು ತೆರೆದುಕೊಂಡವು. ನಾನು ಹಗ್ಗ ಹಿಡಿದು ಓಡುವ ಹೊತ್ತಿಗೆ ಹುಲ್ಲಿನಲ್ಲಿ ಕಂದು ಬಣ್ಣದ ಗೆರೆಗಳು ಹರಿದು ಹೋಗುತ್ತಿದ್ದವು. ಮೂವತ್ತೋ ನಲವತ್ತೋ. ಕೆಲವು ಬಾಯಲ್ಲಿ ಮರಿ ಕಚ್ಚಿಕೊಂಡಿದ್ದವು. ನಾನು ಎರಡನ್ನು ಕೈಯಿಂದಲೇ ಹಿಡಿದೆ, ಆ ಕಚ್ಚಿದ ಗಾಯಗಳೇ ಇವು. ಉಳಿದವು ಹೋದವು. ಬೆರ್ಗುರ್ ತನ್ನ ನಾಯಿ ಸ್ಕೋತ್ತಾಳನ್ನು ಕರೆದುಕೊಂಡು ಬಂದ. ಪಂಚಾಯಿತಿಯ ಮಿಂಕ್ ಬೇಟೆಗಾರ ಅವನೇ ಅಲ್ಲವೇ, ಅವನಿಗೆ ಬಿಲಗಳೆಲ್ಲ ತನ್ನ ಜೇಬಿನಷ್ಟು ಪರಿಚಿತ. ಆದರೆ ಅವನೂ ಆ ದಿನ ನಗಲಿಲ್ಲ. "ಇಳಿತ ಆಗೋದ್ರೊಳಗೆ ಹಿಡೀಬೇಕಿತ್ತು. ಈಗ ಬಂಡೆ ಸಾಲು ಒಣಗಿದೆ, ನೋಡು" ಎಂದ. ದೂನೇಯ ತನಕ ಕಪ್ಪು ಬಂಡೆಗಳು ನೀರಿನಿಂದ ಎದ್ದು ದಾರಿ ಮಾಡಿಕೊಟ್ಟಿದ್ದವು.

ಮಾರನೆಯ ದಿನ ಅಲೆ ಇಳಿದ ಮೇಲೆ ಅತ್ತೆಯೂ ನಾನೂ ದೋಣಿಯಲ್ಲಿ ಹೋದೆವು. ಇದನ್ನು ಹೇಗೆ ಬರೆಯಲಿ? ನೀನು ಚಿಕ್ಕವನಿದ್ದಾಗ ಆ ಬಾತುಗಳ ನಡುವೆ ತುದಿಗಾಲಲ್ಲಿ ನಡೆಯುವುದನ್ನು ಕಲಿತವನು. ಕಾವಿಗೆ ಕೂತ ಈಡರ್ ಎಂಥದು ಎಂದು ನಿನಗೆ ಹೇಳಬೇಕೇ? ಹತ್ತಿರ ಹೋದರೂ ಏಳುವುದಿಲ್ಲ, ಬೆನ್ನು ಸವರಿದರೂ ಏಳುವುದಿಲ್ಲ, ಮನುಷ್ಯರನ್ನು ನಂಬಿ ಕೂತೇ ಇರುತ್ತದೆ. ಆ ದಿನವೂ ಅವು ಕೂತೇ ಇದ್ದವು. ಅತ್ತೆ ಮೊದಲನೆಯದರ ಬಳಿ ಬಗ್ಗಿ "ಏನಮ್ಮ, ಗಾಳಿ ಜೋರಿತ್ತಾ?" ಎಂದು ಮಾತಾಡಿಸಿದರು. ಅದರ ಕುತ್ತಿಗೆ ಪಕ್ಕಕ್ಕೆ ಬಿತ್ತು. ಕಿವಿಯ ಹಿಂದೆ ಎರಡು ಸಣ್ಣ ತೂತು. ಎರಡನೆಯದೂ ಹಾಗೇ. ಮೂರನೆಯದೂ. ತಿಂದಿರಲಿಲ್ಲ. ಒಂದನ್ನಾದರೂ ಪೂರ್ತಿ ತಿಂದಿದ್ದರೆ ಹಸಿವು ಎನ್ನಬಹುದಿತ್ತು. ಬಂಡೆಯ ಆ ಬದಿಯಿಂದ ಈ ಬದಿಯ ತನಕ ಗೂಡುಗಳ ಮೇಲೆ ಕೂತಂತೆಯೇ ಸತ್ತಿದ್ದವು. ಕೆಳಗೆ ತುಪ್ಪುಳಿನಲ್ಲಿ ಕೈಯಿಟ್ಟರೆ ಮೊಟ್ಟೆಗಳು ಇನ್ನೂ ಬೆಚ್ಚಗೆ. ಅತ್ತೆ ಅಳಲಿಲ್ಲ. ನಡೆಯುತ್ತಾ ಹೋದರು, ಪ್ರತಿ ಗೂಡಿನ ಮುಂದೆಯೂ ನಿಂತರು. ತೆಂಕಣ ಇಳಿಜಾರಿನಲ್ಲಿ ಮಾತ್ರ ಒಂದಷ್ಟು ಬಾತುಗಳು ಜೀವಂತ ಇದ್ದವು, ಒಟ್ಟಿನ ನಾಲ್ಕರಲ್ಲೊಂದು ಪಾಲೂ ಇರಲಿಕ್ಕಿಲ್ಲ. ಅಲ್ಲಿ ಅತ್ತೆ ಮಂಡಿಯೂರಿ ಕೂತುಬಿಟ್ಟರು.

ಸತ್ತ ಬಾತುಗಳ ಕೆಳಗಿನ ತುಪ್ಪುಳನ್ನು ಚೀಲಕ್ಕೆ ತುಂಬಲೇ ಎಂದು ಕೇಳಿದೆ. ಕೇಳಬಾರದಿತ್ತು, ಆದರೆ ವರ್ಷದ ಆದಾಯವೆಲ್ಲ ಅಲ್ಲಿ ಬಿದ್ದಿತ್ತು, ಮಳೆಗೆ ನೆನೆದರೆ ಹಾಳು. ಅತ್ತೆ ನನ್ನ ಕಡೆ ನೋಡಿದ ನೋಟ ಇನ್ನೂ ಕಣ್ಣಿಗೆ ಕಟ್ಟಿದೆ. "ಅದು ತನ್ನ ಎದೆಯಿಂದ ಕಿತ್ತು ಮಕ್ಕಳಿಗೆ ಹಾಸಿದ್ದು. ಮಕ್ಕಳು ನೀರಿಗಿಳಿದ ಮೇಲೆ ಬಿಟ್ಟು ಹೋಗುತ್ತೆ, ನಾವು ಎತ್ಕೋತೀವಿ. ಅದಕ್ಕೆ ಬದಲು ಕಾವಲು ಕಾಯ್ತೀವಿ. ಅಷ್ಟೇ ನಮ್ಮ ನಮ್ಮಲ್ಲಿ ಒಪ್ಪಂದ. ಈ ಸಲ ನಾವು ಕಾಯಲಿಲ್ಲ. ಏನು ಮುಖ ಇಟ್ಕೊಂಡು ಎತ್ಕೋತೀಯ?" ಎಂದರು. ಮುಟ್ಟಲಿಲ್ಲ ನಾನು.

ಅವರು ಅಲ್ಲಿಂದ ವಾಪಸು ಬರಲಿಲ್ಲ. ಹಳೆಯ ಹಾಯಿಬಟ್ಟೆಯನ್ನು ಎರಡು ಬಂಡೆಗಳ ನಡುವೆ ಕಟ್ಟಿಸಿಕೊಂಡರು, ಬಂದೂಕು ತರಿಸಿಕೊಂಡರು, ಸ್ಕೋತ್ತಾಳನ್ನು ಬೆರ್ಗುರ್‌ನಿಂದ ಎರವಲು ಪಡೆದರು. ಉಳಿದ ಬಾತುಗಳು ಮರಿ ಮಾಡುವ ತನಕ ಏಳುವುದಿಲ್ಲ ಎಂದರು. ಎಪ್ಪತ್ತು ದಾಟಿದ ಹೆಂಗಸು, ಕತ್ತಲೇ ಆಗದ ಈ ದಿನಗಳಲ್ಲಿ ಯಾವಾಗ ಮಲಗುತ್ತಿದ್ದರೋ ದೇವರೇ ಬಲ್ಲ. ನಾನು ದಿನಾ ಸ್ಕೀರ್ ಮೊಸರು, ರೈ ರೊಟ್ಟಿ, ಕಾಫಿ ಫ್ಲಾಸ್ಕ್ ತೆಗೆದುಕೊಂಡು ಹೋಗುತ್ತಿದ್ದೆ. ಮನೆಗೆ ಬನ್ನಿ ಎಂದರೆ "ನಿನ್ನ ಬೋನುಗಳ ಕಥೆ ಏನಾಯ್ತು? ಅದನ್ನ ಮೊದಲು ಹೇಳು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಹೋದಾಗ ಅವರು ಹೊಡೆದ ಮಿಂಕೊಂದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು. ನಮ್ಮದೇ. ಹೊಟ್ಟೆಯ ತುಪ್ಪಟ ಸರಿಸಿ ತೋರಿಸಿದರು. "ಹಾಲು ತುಂಬ್ಕೊಂಡಿದೆ ನೋಡು. ಎಲ್ಲೋ ಬಂಡೆ ಸಂದಿಯಲ್ಲಿ ಮರಿಗಳಿವೆ" ಎಂದರು. ಸ್ಕೋತ್ತಾ ಮೂಸಿ ಮೂಸಿ ಆ ಸಂದಿಯನ್ನು ಪತ್ತೆ ಮಾಡಿತು. ಅತ್ತೆ ತೋಳು ಪೂರ್ತಿ ಒಳಗೆ ಹಾಕಿ ಒಂದೊಂದನ್ನೇ ತೆಗೆದರು, ಒಂದೊಂದನ್ನೇ ಕಲ್ಲಿಗೆ ಹೊಡೆದರು. ಬೇಗ, ಒಂದೇ ಏಟಿಗೆ. ಎಲ್ಲ ಆದ ಮೇಲೆ ಕೈಯನ್ನು ಪಾಚಿಗೆ ಒರೆಸಿಕೊಂಡರು. "ಇವುಗಳ ತಪ್ಪೇನು ಹೇಳು ಸ್ಟೇನುನ್? ಎಲ್ಲಿಂದಲೋ ಹಿಡಿದು ತಂದ್ರು, ಕೂಡಿಹಾಕಿದ್ರು. ತಪ್ಪಿಸ್ಕೊಂಡ್ರೆ ಕೊಲೆಗಾರ ಅಂತಾರೆ, ತಪ್ಪಿಸ್ಕೊಳ್ಳದಿದ್ರೆ ಕೋಟು ಅಂತಾರೆ" ಎಂದರು. ನಗು ಬಂತು ನನಗೆ, ಹಾಫ್ಲಿಡಿ, ನಗುತ್ತಲೇ ಅಳುವೂ ಬಂತು. ಆಮೇಲೆ ಅವರು ಆ ತಾಯಿಯ ಚರ್ಮ ಸುಲಿಯಲು ಕೂತರು. ಬೇಸಿಗೆಯ ಚರ್ಮ, ಕೂದಲು ಉದುರುತ್ತದೆ, ಬಿಟ್ಟಿ ಕೊಟ್ಟರೂ ಯಾರಿಗೂ ಬೇಡ, ಯಾಕೆ ಸುಮ್ಮನೆ ಎಂದೆ. "ಕೊಂದು ಎಸೆಯೋದು ನನಗೆ ಬರಲ್ಲ" ಎಂದರು, ಅಷ್ಟೇ. ಅದು ಅವರ ಕೈಗವಸಿನ ಒಳಪದರವಾಯಿತು.

ಈ ಮಾತು ನನ್ನ ತಲೆಯೊಳಗೆ ಕೂತುಬಿಟ್ಟಿತು. ಲಂಡನ್ನಿನಲ್ಲಿ ತುಪ್ಪಟದ ಕೋಟಿನ ಹೆಂಗಸಿನ ಮೇಲೆ ಪ್ರಾಣಿದಯೆಯ ಗುಂಪಿನ ಹುಡುಗರು ಬಣ್ಣ ಎರಚಿದರೆಂದು ಓದಿ ನೀನು ಪತ್ರಿಕೆಯನ್ನು ಒಲೆಗೆ ಹಾಕಿದ್ದೆ. "ಕುರಿ ತಿನ್ನೋ ಜನ ಮಿಂಕಿಗೆ ಅಳ್ತಾರೆ!" ಎಂದು ಕೂಗಾಡಿದ್ದೆ. ನಾನೂ ಹೌದೆಂದಿದ್ದೆ. ಬೋನು ತೆರೆದುಬಿಡಿ ಎನ್ನುವ ಆ ಮಕ್ಕಳನ್ನು ಒಂದು ಸಲ ದೂನೇಗೆ ಕರೆತಂದು ಆ ಗೂಡುಗಳನ್ನು ತೋರಿಸಬೇಕು ಎಂದು ಈಗಲೂ ಅನ್ನಿಸುತ್ತದೆ. ಆದರೆ ಬೋನಿನೊಳಗೆ ನೆಕ್ಕುತ್ತಾ ಮರಿ ತಿಂದ ಆ ತಾಯಿಯನ್ನು ನೋಡಿದ ಮೇಲೆ ಅವರ ಮಾತಿನಲ್ಲಿ ಅರ್ಧ ನಿಜ ಎಂದೂ ಅನ್ನಿಸುತ್ತದೆ. ಬೆರ್ಗುರ್‌ನನ್ನು ಕೇಳಿದೆ: ಹೇಗೂ ಹೊರಗಿನವನ್ನು ಕೊಲ್ಲಲೇಬೇಕು, ಸಾಕುವುದನ್ನೆಲ್ಲ ಬಿಟ್ಟು ಆ ಚರ್ಮವನ್ನೇ ಮಾರಿ ಬದುಕಬಾರದೇ, ಅದರಲ್ಲಿ ಪಾಪ ಕಡಿಮೆಯಲ್ಲವೇ ಎಂದು. ಅವನು ನಶ್ಯ ಏರಿಸಿ ಸೀನಿ ಹೇಳಿದ: "ಚಳಿಗಾಲದಲ್ಲಿ ಸಿಕ್ಕಿದ್ದನ್ನ ಸುಲಿದು ಟೋಪಿ ಮಾಡ್ಕೋ, ಯಾರು ಬೇಡ ಅಂದ್ರು? ಆದ್ರೆ ಅದೇ ಹೊಟ್ಟೆಪಾಡು ಅಂತ ಆಗಲಿ, ಒಳ್ಳೇ ಬೆಲೆ ಬರಲಿ, ನಾನೇ ಒಂದೆರಡು ಬಿಲ ನೋಡಿಯೂ ನೋಡದಂಗೆ ಬಿಟ್ಟು ಬರ್ತೀನಿ, ಮುಂದಿನ ವರ್ಷಕ್ಕಿರಲಿ ಅಂತ. ನಾಯಿಯನ್ನ ನಂಬು ತಾಯಿ, ನನ್ನನ್ನ ನಂಬಬೇಡ." ನಗಿಸಲು ಹೇಳಿದ್ದಲ್ಲ ಅದು. ನಾವು ಮಾಡಿದ್ದೂ ಅದೇ ಅಲ್ಲವೇ, ಬೆಲೆಗೋಸ್ಕರ ಶತ್ರುವನ್ನೇ ಮನೆಯೊಳಗೆ ಸಾಕಿದ್ದು?

ಇಷ್ಟರಲ್ಲಿ ಕೊಟ್ಟಿಗೆಯಲ್ಲಿ ಉಳಿದವು ಸಾಯುತ್ತಿದ್ದವು. ಸಮುದ್ರಮೊಲ ಮೀನಿನ ಋತು ಮುಗಿದು ಅದೂ ನಿಂತಿತು. ತುಪ್ಪಟದ ಪ್ರಾಣಿ ಸಾಕುಗಾರರ ಸಂಘದ ಕಚೇರಿಗೆ ಫೋನು ಮಾಡಿದರೆ ಯಾರೋ ಹುಡುಗಿ "ನವೆಂಬರ್ ತನಕ ಇಟ್ಟುಕೊಳ್ಳೋಕೆ ಸಲಹೆ ಕೊಡ್ತಾ ಇದೀವಿ" ಎಂದಳು. ಏನು ಹಾಕಿ ಇಟ್ಟುಕೊಳ್ಳಲಿ ಎಂದರೆ ಅವಳಿಗೂ ಗೊತ್ತಿಲ್ಲ, ಪಾಪ, ಅವಳ ಕೆಲಸವೂ ಆ ವಾರವೇ ಹೋಗುವುದಿತ್ತಂತೆ. ಒಂದು ಬೆಳಿಗ್ಗೆ ನಾನು ಮೊದಲನೆಯ ಬೋನಿನ ಚಿಲಕದ ಮೇಲೆ ಕೈಯಿಟ್ಟು ನಿಂತೆ. ತೆರೆದುಬಿಟ್ಟರೆ ಕನಿಷ್ಠ ಈ ಕೂಗು ನಿಲ್ಲುತ್ತದಲ್ಲ ಎಂದು. ಕಿಟಕಿಯಿಂದ ದೂನೇ ಕಾಣುತ್ತಿತ್ತು, ಅತ್ತೆಯ ಹಾಯಿಬಟ್ಟೆ ಬಿಳಿಯ ಚುಕ್ಕೆಯಂತೆ. ಚಿಲಕ ಬಿಟ್ಟು ಬೆರ್ಗುರ್‌ನ ಮನೆಗೆ ನಡೆದೆ.

ಅವನೂ ನಾನೂ ಸೇರಿ ಮಾಡಿದೆವು. ನೀನು ನವೆಂಬರಿನಲ್ಲಿ ಅವನ್ನು ಕೊಲ್ಲಲು ಬಳಸುವ ಅದೇ ಮರದ ಪೆಟ್ಟಿಗೆ, ಅದರೊಳಗೆ ಟ್ರ್ಯಾಕ್ಟರಿನ ಹೊಗೆ ಬಿಡುವ ಅದೇ ಕೊಳವೆ. ಆಗೆಲ್ಲ ಕೆಲಸ ಮುಗಿದ ಮೇಲೆ ನೀನು ಚರ್ಮಗಳನ್ನು ಹಲಗೆಗೆ ಎಳೆದು, ಊದಿ, ಬೆಳಕಿಗೆ ಹಿಡಿದು ಸಂತೋಷಪಡುತ್ತಿದ್ದೆ. ಯಾರಿಗೋ ಬೆಚ್ಚಗಾಗುತ್ತದೆ, ನಮಗೆ ಹೊಟ್ಟೆಗಾಗುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಈ ಸಲ ಹೇಳಿಕೊಳ್ಳಲು ಏನೂ ಇರಲಿಲ್ಲ. ಬೇಸಿಗೆಯ ಚರ್ಮ. ಹೊಂಡ ತೋಡಿ ಸುಣ್ಣ ಹಾಕಿದೆವು. ಎರಡನೆಯ ಸಾಲಿನ ಕಿವಿ ಹರಿದ ಹೆಣ್ಣು ನಿನಗೆ ನೆನಪಿದೆಯೇ, ನಿನ್ನ ಕೈಯಿಂದಲೇ ಮೀನು ತೆಗೆದುಕೊಳ್ಳುತ್ತಿದ್ದದ್ದು? ಅದು ನನ್ನ ಕೈಗವಸನ್ನು ಮೂಸಿ ತಾನಾಗಿಯೇ ಪೆಟ್ಟಿಗೆಯೊಳಗೆ ಹೋಯಿತು. ಅಲ್ಲಿ ಊಟ ಇದೆ ಎಂದುಕೊಂಡಿತು. ಬೆರ್ಗುರ್ ಆ ಕಡೆ ತಿರುಗಿ ಟ್ರ್ಯಾಕ್ಟರಿನ ಚಕ್ರಕ್ಕೆ ಒದ್ದ. ಸಂಜೆಯ ಹೊತ್ತಿಗೆ ಕೊಟ್ಟಿಗೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ನಾನು ಒಲೆ ಹೊತ್ತಿಸಲಾರದೆ ಅಡುಗೆಮನೆಯ ನೆಲದ ಮೇಲೆ ಕೂತೇ ಇದ್ದೆ.

ಒಂದೇ ಒಂದು ಒಳ್ಳೆಯ ಸುದ್ದಿ ಇದೆ, ಅದನ್ನೂ ಬರೆಯುತ್ತೇನೆ. ಕಳೆದ ಗುರುವಾರ ತೆಂಕಣ ಇಳಿಜಾರಿನ ಬಾತುಗಳು ಮರಿ ಮಾಡಿದವು. ನಾನು ಹೋದಾಗ ಅತ್ತೆ ಮಾತಾಡಬೇಡ ಎಂದು ಕೈ ಮಾಡಿದರು. ತಾಯಿಗಳು ಒಂದರ ಹಿಂದೊಂದು ಎದ್ದು, ಮರಿಗಳನ್ನು ಹಿಂದೆ ಹಾಕಿಕೊಂಡು, ಪಾಚಿಯ ಮೇಲೆ ಜಾರುತ್ತಾ ಬೀಳುತ್ತಾ ನೀರಿಗಿಳಿದವು. ಒಂದು ಮರಿ ಅತ್ತೆಯ ಬೂಟಿಗೆ ಡಿಕ್ಕಿ ಹೊಡೆದು, ಸುತ್ತಿ ಹೋಯಿತು. ಕೊನೆಯದೂ ಹೋದ ಮೇಲೆ ಅತ್ತೆ "ಈಗ ಮನೆಗೆ ಹೋಗೋಣ" ಎಂದರು. ಆ ಗೂಡುಗಳಿಂದ ಒಂದು ಚೀಲ ತುಪ್ಪುಳು ಎತ್ತಿದೆವು. ಅದನ್ನು ಮಾರುವುದಿಲ್ಲವಂತೆ.

ನೀನೊಬ್ಬನೇ ತಪ್ಪು ಮಾಡಿದೆ ಎಂದು ನಾನು ಹೇಳುತ್ತಿಲ್ಲ. ಬೋನು ತಂದ ದಿನ ನಾನೂ ಕೇಕ್ ಮಾಡಿ ಊರವರಿಗೆ ಹಂಚಿದವಳು. ನಮ್ಮ ಮುಂದಿನ ಬದುಕಿಗೆ ಏನು ದಾರಿ ಎಂದು ನನಗೂ ಗೊತ್ತಿಲ್ಲ. ಬಂದರಿನಲ್ಲಿ ಮೀನು ಸೀಳುವ ಕೆಲಸ ಇದೆ, ನಾನು ಹೋಗಬಲ್ಲೆ. ಆದರೆ ಆ ನೀಲಿ ಮಿಂಕ್‌ಗಳನ್ನು ಕೊಳ್ಳಬೇಡ, ಹಾಫ್ಲಿಡಿ. ಮುಂಗಡ ಕೊಟ್ಟಿದ್ದರೆ ಹೋಗಲಿ ಬಿಡು. ಇಲ್ಲಿ ಅವಕ್ಕೆ ಮೇವಿಲ್ಲ, ಗೋಡೆಯಿಲ್ಲ, ಮತ್ತೊಂದು ಸಲ ಆ ಪೆಟ್ಟಿಗೆಯ ಮುಂದೆ ನಿಲ್ಲುವ ಕೈ ನನಗಿಲ್ಲ.

ಬೆರ್ಗುರ್ ನಿನಗೆ ನಮಸ್ಕಾರ ಹೇಳಿದ್ದಾನೆ, ಡ್ಯಾನಿಷ್ ನಶ್ಯ ತರಬೇಕಂತೆ. ಅತ್ತೆಯ ಆಶೀರ್ವಾದಗಳು. ಸಮುದ್ರ ನಿನ್ನನ್ನು ಸುಖವಾಗಿ ದಡ ಮುಟ್ಟಿಸಲಿ, ದೇವರು ನಿನ್ನ ಮೇಲೆ ಕಣ್ಣಿಟ್ಟಿರಲಿ.

ಎಂದೆಂದೂ ನಿನ್ನವಳೇ ಆದ
ಸ್ಟೇನುನ್

ಮರೆತದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟದ್ದು: ಇಲ್ಲಿಯ ತನಕ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ, ಓದಲೇಬೇಕೆಂದು ಅವರು ಹಟ ಹಿಡಿದರು. ಇನ್ನು ಮುಂದಿನದು ಅವರಿಗೆ ಗೊತ್ತಿಲ್ಲ. ಸೊಸೆಯನ್ನು ಬಿಟ್ಟು ಬರಲು ಬೆರ್ಗುರ್ ಅಂಗಳದಲ್ಲಿ ಜೀಪು ಚಾಲೂ ಮಾಡಿಕೊಂಡು ನಿಂತಿದ್ದಾನೆ, ಅಕ್ಷರ ಕೆಟ್ಟದಾಗಿದ್ದರೆ ಕ್ಷಮಿಸು. ಅತ್ತೆಯದು ಬರೀ ಕೆಮ್ಮಲ್ಲ, ಹಾಫ್ಲಿಡಿ. ಆ ಬಂಡೆಗಳ ಮೇಲೆ ಒದ್ದೆಯಲ್ಲಿ ಮಲಗಿ ಎರಡೂ ಶ್ವಾಸಕೋಶಕ್ಕೆ ಶೀತ ಹತ್ತಿದೆ. ವೈದ್ಯರು ಬಂದಿದ್ದರು, ಆಸ್ಪತ್ರೆಗೆ ಹೋಗಲು ಅತ್ತೆ ಒಪ್ಪಲಿಲ್ಲ. ಈ ವಾರ ದಾಟಿದರೆ ನೋಡೋಣ ಎಂದರು ವೈದ್ಯರು. "ನನ್ನ ಕಾಯಿಲೆ ವಿಷಯ ಅವನಿಗೆ ಬರೀಬೇಡ. ಕಾಯಿಲೆ ಅಂತ ಬರೋ ಮಗ ನನಗೆ ಬೇಡ. ಬೋನು ಬಿಟ್ಟು ಬರ್ತಾನಾ, ಅದನ್ನ ಕೇಳು" ಎಂದರು. ಕಣ್ಣು ಬಿಟ್ಟಾಗಲೆಲ್ಲ ಅದನ್ನೇ ಕೇಳುತ್ತಾರೆ. ಬೋನುಗಳ ಜೊತೆ ನೀನು ಬಂದರೆ ತಮ್ಮ ಶವದ ಹತ್ತಿರವೂ ಬರಕೂಡದಂತೆ. ಪತ್ರ ಕೇಳಿ ಕಣ್ಣು ಮುಚ್ಚಿದವರು ಸ್ವಲ್ಪ ಹೊತ್ತಿಗೇ ಎದ್ದು, ಉಸಿರು ಸಿಕ್ಕದೆ ನನ್ನ ಕೈ ಹಿಡಿದು ಕೇಳಿದಾಗ ನನಗೆ ತಡೆಯಲಾಗಲಿಲ್ಲ. ನೀವು ಮಲಗಿದ್ದಾಗ ಫೋನು ಬಂದಿತ್ತು ಎಂದೆ. ಏನೂ ಕೊಂಡಿಲ್ಲವಂತೆ, ಬರಿಗೈಲಿ ಬರುತ್ತಾನಂತೆ ಎಂದೆ. "ಅವನೇ ಹೇಳಿದ್ನಾ?" ಎಂದರು. ಅವನೇ ಹೇಳಿದ ಎಂದೆ. ನಕ್ಕರು, ನಿದ್ದೆ ಹೋದರು, ಈಗಲೂ ಮಲಗಿದ್ದಾರೆ. ಯೋರುನ್ ವಾಪಸು ಬರುವ ಟಿಕೇಟಿನ ಜೊತೆ ನಿನಗೂ ಒಂದು ತೆಗೆಸುತ್ತಾಳೆ, ಶನಿವಾರದ್ದು. ವಿಮಾನಕ್ಕೇ ಹತ್ತು, ಹಡಗಿಗೆ ಕಾಯಬೇಡ. ನಾನು ಅವರಿಗೆ ಹೇಳಿದ್ದು ಇನ್ನೂ ಸುಳ್ಳು. ಅವರಿರುವಾಗಲೇ ಅದನ್ನು ನಿಜ ಮಾಡು.